ಬಚ್ಚಲಲ್ಲಿ ತೇಲುವ ದೀಪದ ಕಾರಂಜಿ: ಪಂಪು ರಿಪೇರಿಯವನ ಕೈಪಿಡಿ

ತಿಪಟೂರಿನಲ್ಲಿ ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದ್ದೇನೆ. ತೆಂಗಿನ ತೋಟದ ಬೋರ್‌ವೆಲ್ ಮೋಟಾರು, ಮನೆಯ ಸಂಪಿನ ಪಂಪು, ಮಿಕ್ಸಿ, ಗ್ರೈಂಡರ್ ಎಲ್ಲವನ್ನೂ ಬಿಚ್ಚಿ ಕಟ್ಟಿದ್ದೇನೆ. ಈಗ ಅಂಗಡಿ ಬಿಟ್ಟು ಮನೆಯಲ್ಲಿದ್ದೇನೆ. ಮನೆ ತುಂಬ ಮೂರೂವರೆ ವರ್ಷದ ಮೊಮ್ಮಗಳು ಪುಟ್ಟಿಯ ಓಡಾಟ. ಅವಳ ಸ್ನಾನದ ಟಬ್ಬಿನಲ್ಲಿ ಅಂಗೈಯಗಲದ ಒಂದು ಪ್ಲಾಸ್ಟಿಕ್ ತಿಮಿಂಗಿಲ ತೇಲುತ್ತದೆ. ನೀರಿಗೆ ಬಿಟ್ಟ ಕೂಡಲೇ ಅದರ ತಲೆಯಿಂದ ಕಾರಂಜಿ ಚಿಮ್ಮುತ್ತದೆ. ಒಳಗಿನ ದೀಪ ಕೆಂಪಾಗಿ, ಹಸಿರಾಗಿ, ನೀಲಿಯಾಗಿ ಬಣ್ಣ ಬದಲಿಸುತ್ತದೆ.

ಈ ಆಟಿಕೆ ಕೊಂಡವರನ್ನು ಕೇಳಿ ನೋಡಿ. ‘ಚೆನ್ನಾಗಿತ್ತು, ಆದರೆ ಹದಿನೈದು ದಿನಕ್ಕೆ ಕೆಟ್ಟುಹೋಯ್ತು’ ಅನ್ನುವವರೇ ಜಾಸ್ತಿ. ನಮ್ಮ ಮನೆಯ ಮೊದಲನೆಯದು ಹನ್ನೊಂದೇ ದಿನ ಬಂತು. ಎರಡನೆಯದಕ್ಕೆ ಈಗ ಒಂದೂವರೆ ವರ್ಷ, ಇನ್ನೂ ಒಂದಡಿ ಎತ್ತರ ನೀರು ಹಾರಿಸುತ್ತಿದೆ. ಎರಡನೆಯದನ್ನು ನಾನು ಶುರುವಿನಿಂದಲೇ ಪಂಪಿನ ಹಾಗೆ ನೋಡಿಕೊಂಡೆ. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕ ಮಕ್ಕಳಿರುವ ಮನೆಯವರಿಗೆ ಉಪಯೋಗವಾಗಲಿ ಅನ್ನುವುದು ನನ್ನ ಆಸೆ.

ಒಳಗೆ ಏನಿದೆ

ನಿಂತುಹೋದ ಮೊದಲನೇ ತಿಮಿಂಗಿಲವನ್ನು ಹಿತ್ತಿಲ ಜಗಲಿಯ ಮೇಲೆ ಹಳೇ ಪೇಪರ್ ಹಾಸಿಕೊಂಡು ಬಿಚ್ಚಿದೆ. ನಾಲ್ಕು ಸ್ಕ್ರೂ ಇದ್ದವು. ಒಳಗೆ ಸೆಲ್ಲಿನ ಡಬ್ಬಿ, ಅದರ ಪಕ್ಕದಲ್ಲಿ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಡಿಸಿ ಮೋಟಾರ್. ಮೋಟಾರಿನ ಶಾಫ್ಟಿಗೆ, ಅಂದರೆ ತಿರುಗುವ ಕಡ್ಡಿಗೆ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಇಂಪೆಲ್ಲರ್, ಅಂದರೆ ರೆಕ್ಕೆಗಳಿರುವ ಚಕ್ರ. ಹೊಟ್ಟೆಯ ಕೆಳಗಿನ ಜಾಲರಿಯಿಂದ ನೀರು ಒಳಗೆ ಬರುತ್ತದೆ. ಇಂಪೆಲ್ಲರ್ ಅದನ್ನು ಗರಗರ ಸುತ್ತಿಸಿ ಅಂಚಿಗೆ ಎಸೆಯುತ್ತದೆ. ಆ ಒತ್ತಡಕ್ಕೆ ನೀರು ನಳಿಗೆ ಹತ್ತಿ ತಲೆಯ ತೂತಿನಿಂದ ಹಾರುತ್ತದೆ. ತೋಟದ ಬಾವಿಯ ಮೇಲೆ ಕೂರಿಸುವ ಪಂಪು ಮಾಡುವುದೂ ಇದನ್ನೇ. ಅದು ಐದು ಎಚ್‌ಪಿ, ಕರೆಂಟಿನದು. ಇದು ಮೂರು ಪೆನ್ಸಿಲ್ ಸೆಲ್ಲಿನದು, ಒಟ್ಟು ನಾಲ್ಕೂವರೆ ವೋಲ್ಟು.

ಸ್ವಿಚ್ಚು ಎಲ್ಲಿದೆ ಅಂತ ಹುಡುಕುವವರು ಹೊಟ್ಟೆ ತಿರುಗಿಸಿ ನೋಡಿ. ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ. ಎರಡಕ್ಕೂ ಒಟ್ಟಿಗೆ ನೀರು ತಾಗಿದಾಗ ನೀರಿನ ಮೂಲಕ ತೀರಾ ಸಣ್ಣ ಕರೆಂಟು ಹರಿಯುತ್ತದೆ. ಒಳಗೆ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಟ್ರಾನ್ಸಿಸ್ಟರಿಗೆ ಅಷ್ಟು ಸಾಕು, ಅದು ಮೋಟಾರನ್ನೂ ದೀಪವನ್ನೂ ಹೊತ್ತಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಸರಿ, ಹನ್ನೊಂದನೇ ದಿನ ಅದು ನಿಂತದ್ದು ಯಾಕೆ? ಸೆಲ್ಲಿನ ಮುಚ್ಚಳ ತೆಗೆದಾಗ ಗೊತ್ತಾಯಿತು. ಮುಚ್ಚಳದ ಸುತ್ತ ದಾರದಷ್ಟು ದಪ್ಪದ ರಬ್ಬರ್ ರಿಂಗ್ ಇರುತ್ತದೆ. ಅದರ ಮೇಲೆ ಒಂದು ಕೂದಲು ಅಡ್ಡ ಬಿದ್ದಿತ್ತು. ನಮ್ಮ ಪುಟ್ಟಿಯದೇ, ಎಳೇ ಕಂದು ಬಣ್ಣದ್ದು. ಯಾರೋ ಅವಸರದಲ್ಲಿ ಸೆಲ್ ಹಾಕಿ ಅದರ ಮೇಲೇ ಮುಚ್ಚಳ ಬಿಗಿದಿದ್ದರು. ಕೂದಲಿನ ಎರಡೂ ಪಕ್ಕ ಕಣ್ಣಿಗೆ ಕಾಣದಷ್ಟು ಸಂದಿ ಉಳಿದಿತ್ತು. ನೀರಿಗೆ ಅಷ್ಟು ದಾರಿ ಸಾಕು. ಒಳಗೆ ಸ್ಪ್ರಿಂಗು ಹಸಿರುಗಟ್ಟಿತ್ತು, ತಂತಿ ಮುಟ್ಟಿದರೆ ಕಿತ್ತು ಬಂತು.

ಬಿಸಿನೀರಿನಲ್ಲಿ ಇನ್ನೊಂದು ತೊಂದರೆ ಇದೆ. ಟಬ್ಬಿನಲ್ಲಿ ತೇಲುವಾಗ ಒಳಗಿನ ಗಾಳಿ ಬೆಚ್ಚಗಾಗಿ ಹಿಗ್ಗುತ್ತದೆ, ಸಂದಿ ಇದ್ದರೆ ಸ್ವಲ್ಪ ಹೊರಗೆ ಹೋಗುತ್ತದೆ. ಸ್ನಾನ ಮುಗಿದು ನೀರು ಆರಿದಾಗ ಉಳಿದ ಗಾಳಿ ಕುಗ್ಗುತ್ತದೆ. ಆಗ ಆಟಿಕೆ ಅದೇ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಮಗುವನ್ನು ಎತ್ತಿಕೊಂಡ ಮೇಲೆ ಆಟಿಕೆಯನ್ನು ಟಬ್ಬಿನಲ್ಲೇ ಬಿಟ್ಟು ಬರಬೇಡಿ. ಮೊದಲು ಮಗು, ಅದರ ಹಿಂದೆಯೇ ಆಟಿಕೆ.

ಕೊಳ್ಳುವಾಗ

ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಅದು ಕಡ್ಡಾಯ. ಸೆಲ್ಲು, ಕರೆಂಟಿನಿಂದ ನಡೆಯುವ ಆಟಿಕೆಗೆ ಐಎಸ್ 15644 ಅನ್ನುವ ನಂಬರ್ ಇರುತ್ತದೆ. ಜಾತ್ರೆಯ ರಾಶಿಯಲ್ಲಿ, ಫುಟ್‌ಪಾತಿನಲ್ಲಿ ಸಿಗುವುದರಲ್ಲಿ ಈ ಗುರುತು ಕಾಣುವುದು ಕಡಿಮೆ.

ಆಮೇಲೆ ಸೆಲ್ಲಿನ ಮುಚ್ಚಳ. ಸ್ಕ್ರೂ ಇರಲೇಬೇಕು. ಉಗುರಿನಲ್ಲಿ ಎತ್ತಿದರೆ ತೆಗೆಯಬಹುದಾದ ಮುಚ್ಚಳವಿದ್ದರೆ ಅಲ್ಲೇ ಇಟ್ಟು ಬನ್ನಿ. ಗುಂಡಿಯಂಥ ಚಪ್ಪಟೆ ಸೆಲ್ ಹಾಕುವ ಆಟಿಕೆಯಂತೂ ಚಿಕ್ಕ ಮಕ್ಕಳ ಮನೆಗೆ ಬೇಡವೇ ಬೇಡ. ಆ ಸೆಲ್ಲನ್ನು ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳವನ್ನು ಸುಟ್ಟುಬಿಡಬಹುದು. ನುಂಗಿರಬಹುದು ಅಂತ ಅನುಮಾನ ಬಂದರೂ ಕಾಯಬೇಡಿ, ನೇರ ಆಸ್ಪತ್ರೆಗೆ ಓಡಿ. ಪೆನ್ಸಿಲ್ ಸೆಲ್ಲಿನದೇ ತೆಗೆದುಕೊಳ್ಳಿ.

ಚಾರ್ಜ್ ಮಾಡುವ ಮಾದರಿಗಳೂ ಬಂದಿವೆ. ನನಗೆ ಅವು ಅಷ್ಟು ಇಷ್ಟವಿಲ್ಲ. ಚಾರ್ಜರ್ ಚುಚ್ಚುವ ಜಾಗ ಅಂದರೆ ನೀರು ಒಳಗೆ ಹೋಗಲು ಇನ್ನೊಂದು ತೂತು. ಅದರ ರಬ್ಬರ್ ಬಿರಡೆ ಆರು ತಿಂಗಳಿಗೆ ಸಡಿಲವಾಗುತ್ತದೆ. ಈಗಾಗಲೇ ಕೊಂಡಿದ್ದರೆ ಆ ಜಾಗ ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗೆ ಇಡಿ. ಅದೂ ಬಚ್ಚಲಿನಿಂದ ದೂರ, ನಡುಮನೆಯಲ್ಲಿ.

ತಲೆಯ ಮೇಲೆ ಹಾಕುವ ಬೇರೆ ಬೇರೆ ಟೋಪಿಗಳು ಜೊತೆಗೆ ಬರುತ್ತವೆ. ಒಂದೇ ತೂತಿನ ಟೋಪಿಯಲ್ಲಿ ನೀರು ಎತ್ತರ ಹಾರುತ್ತದೆ, ಹತ್ತು ತೂತಿನದರಲ್ಲಿ ಕೊಡೆಯ ಹಾಗೆ ಅಗಲವಾಗಿ ಬೀಳುತ್ತದೆ. ನೋಡಲು ಚೆಂದ. ಆದರೆ ಮೂರು ವರ್ಷದೊಳಗಿನ ಮಗುವಿನ ಬಾಯಿಗೆ ಹಿಡಿಯುವಷ್ಟು ಚಿಕ್ಕ ಟೋಪಿ ಇದ್ದರೆ ಒಂದನ್ನು ಮಾತ್ರ ಬಿಗಿಯಾಗಿ ಕೂರಿಸಿ, ಉಳಿದದ್ದನ್ನು ಬೀರುವಿನಲ್ಲಿ ಇಡಿ. ದೀಪ ನಿಧಾನಕ್ಕೆ ಬಣ್ಣ ಬದಲಿಸುವಂಥದ್ದಿರಲಿ. ಫಟಫಟ ಅಂತ ಮಿಂಚುವುದು ಕಣ್ಣಿಗೆ ಹಿಂಸೆ, ಫಿಟ್ಸ್ ಬರುವ ಮಕ್ಕಳಿಗೆ ಅಪಾಯ.

ಹಿಂಡಿದರೆ ನೀರು ಚಿಮ್ಮುವ ರಬ್ಬರ್ ಬಾತುಕೋಳಿ ಇದೆಯಲ್ಲ, ಅದರ ಬಗ್ಗೆಯೂ ಒಂದು ಮಾತು. 2018ರಲ್ಲಿ ಸ್ವಿಟ್ಜರ್‌ಲೆಂಡಿನ ಈವಾಗ್ ಅನ್ನುವ ನೀರಿನ ಸಂಶೋಧನಾ ಸಂಸ್ಥೆಯವರು ಇಂಥ ಆಟಿಕೆಗಳನ್ನು ಸೀಳಿ ಪರೀಕ್ಷೆ ಮಾಡಿದರು. ಐದರಲ್ಲಿ ನಾಲ್ಕನ್ನು ಹಿಂಡಿದಾಗ ಕಲಕಿದ ಗಲೀಜು ನೀರು ಹೊರಗೆ ಬಂತು. ಒಳಗೋಡೆಯ ಮೇಲೆ ಲೋಳೆ, ಬೂಷ್ಟು. ಆ ನೀರನ್ನು ಮಕ್ಕಳು ಮುಖಕ್ಕೇ ಹಿಂಡಿಕೊಳ್ಳುತ್ತವೆ. ನಮ್ಮ ಕಾರಂಜಿಗೂ ಒಳಗೆ ನೀರಿನ ದಾರಿ ಇದೆ. ಒಣಗಿಸದಿದ್ದರೆ ಅದರ ಗತಿಯೂ ಅದೇ. ಕೆಳಗಿನ ಜಾಲರಿಯನ್ನು ಬಿಚ್ಚಿ ತೊಳೆಯಲು ಬರುತ್ತದೆಯೇ ಅಂತ ಅಂಗಡಿಯಲ್ಲೇ ನೋಡಿ ಕೊಳ್ಳಿ.

ನೀರಿಗೆ ಬಿಡುವ ಮುಂಚೆ

ತಂದ ದಿನವೇ ಸೆಲ್ ಹಾಕಿ ಟಬ್ಬಿಗೆ ಬಿಡಬೇಡಿ. ಸಬ್‌ಮರ್ಸಿಬಲ್ ಮೋಟಾರನ್ನು ಬೋರಿಗೆ ಇಳಿಸುವ ಮುಂಚೆ ನಾವು ಒಮ್ಮೆ ಪರೀಕ್ಷೆ ಮಾಡುತ್ತಿದ್ದೆವು. ಇಳಿಸಿದ ಮೇಲೆ ಮತ್ತೆ ಎತ್ತುವುದು ಒಂದು ದಿನದ ಕೂಲಿ ಕೆಲಸ. ಇದಕ್ಕೂ ಹಾಗೇ ಒಂದು ಪರೀಕ್ಷೆ ಮಾಡಿ, ಕಾಲು ಗಂಟೆಯ ಕೆಲಸ.

ಇಂಕ್ ಪೆನ್ನಿನಿಂದ ಒಂದು ಪೇಪರ್ ಚೂರಿನ ಮೇಲೆ ನಾಲ್ಕು ಗೆರೆ ಎಳೆಯಿರಿ. ಬಾಲ್ ಪೆನ್ ಬೇಡ, ಅದರ ಇಂಕು ನೀರಿಗೆ ಹರಡುವುದಿಲ್ಲ. ಮಕ್ಕಳ ಸ್ಕೆಚ್ ಪೆನ್ ಆದರೂ ಆದೀತು. ಸೆಲ್ ಹಾಕದೆ ಆ ಚೂರನ್ನು ಡಬ್ಬಿಯೊಳಗೆ ಇಟ್ಟು ಮುಚ್ಚಳ ಬಿಗಿಯಿರಿ. ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ತಿರುಗಿಸಬೇಡಿ. ಎದುರು ಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬನ್ನಿ, ಕಾರಿನ ಚಕ್ರದ ನಟ್ಟು ಬಿಗಿಯುವ ಹಾಗೆ. ಆಗ ರಿಂಗು ಎಲ್ಲ ಕಡೆ ಸಮನಾಗಿ ಕೂರುತ್ತದೆ. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ಕಿನೊಳಗೆ ಸ್ಕ್ರೂ ಹಿಡಿಯುವ ಮರೆ (ಥ್ರೆಡ್) ಸವೆದು ಹೋಗುತ್ತದೆ. ಸ್ಕ್ರೂ ತಡೆಯಿತು ಅನ್ನಿಸಿದಾಗ ನಿಲ್ಲಿಸಿ.

ಈಗ ಆಟಿಕೆಯನ್ನು ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಐದು ನಿಮಿಷ, ಕೂಡಲೇ ತಣ್ಣೀರಿನ ಬಕೆಟ್ಟಿನಲ್ಲಿ ಇನ್ನೈದು ನಿಮಿಷ ಅದುಮಿ ಹಿಡಿಯಿರಿ; ಗಾಳಿ ಕುಗ್ಗುವಾಗಲೇ ಸಂದಿಯಿಂದ ನೀರು ಒಳಗೆ ಹೋಗುವುದು. ತೆಗೆದು, ಹೊರಮೈ ಚೆನ್ನಾಗಿ ಒರೆಸಿ, ಆಮೇಲೆ ಮುಚ್ಚಳ ಬಿಚ್ಚಿ. ಗೆರೆ ಹರಡದೆ ಹಾಗೇ ಇದ್ದರೆ ಸೀಲು ಗಟ್ಟಿ. ಹರಡಿದ್ದರೆ ಯಾವ ಮೂಲೆ ಅಂತ ಅದೇ ತೋರಿಸುತ್ತದೆ. ರಿಂಗನ್ನು ಎತ್ತಿ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಅದು ಕೂರುವ ಕಾಲುವೆಯನ್ನೂ ಒರೆಸಿ, ತಿರುಚಿಕೊಳ್ಳದ ಹಾಗೆ ಮತ್ತೆ ಕೂರಿಸಿ ನೋಡಿ. ಎರಡನೇ ಸಲವೂ ಹರಡಿದರೆ ವಾಪಸ್ ಕೊಟ್ಟುಬಿಡಿ. ರಿಂಗಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಸವರುವವರಿದ್ದಾರೆ. ಬೇಡ. ಅದು ಯಾವ ರಬ್ಬರ್ ಅಂತ ನಮಗೆ ಗೊತ್ತಿರುವುದಿಲ್ಲ. ಕೆಲವು ರಬ್ಬರ್ ಎಣ್ಣೆಗೆ ಉಬ್ಬಿ ಹಾಳಾಗುತ್ತವೆ. ಅದೂ ಅಲ್ಲದೆ ಎಣ್ಣೆ ಇದ್ದರೆ ಕೂದಲು ಬೇಗ ಅಂಟುತ್ತದೆ.

ಸೆಲ್ಲುಗಳನ್ನು ಮೂರನ್ನೂ ಒಟ್ಟಿಗೆ ಹೊಸದು ಹಾಕಿ. ಎರಡು ಹೊಸದು, ಒಂದು ಟಾರ್ಚಿನದು ಅಂತ ಹಾಕಿದರೆ ಹಳೆಯದು ಬೇಗ ಪೂರ್ತಿ ಖಾಲಿಯಾಗಿ ಸೋರುತ್ತದೆ. ಕಡಿಮೆ ಬೆಲೆಯ ಸಾದಾ ಸೆಲ್ಲಿಗಿಂತ ಆಲ್ಕಲೈನ್ ಸೆಲ್ ಮೋಟಾರಿಗೆ ಒಳ್ಳೆಯದು. ಸಾದಾ ಸೆಲ್ಲಿನ ಹೊರಗಿನ ಸತುವಿನ ತಗಡೇ ಕರಗುತ್ತಾ ಬರುತ್ತದೆ. ತೇವದ ಜಾಗದಲ್ಲಿ ಅದನ್ನು ಇಡಬಾರದು.

ಟಬ್ಬು, ನೀರು, ಮಗು

ನಮ್ಮ ಮನೆಯಲ್ಲಿ ಬಾತ್‌ಟಬ್ ಇಲ್ಲ. ಬಟ್ಟೆ ನೆನೆಸುವ ಅಗಲವಾದ ಪ್ಲಾಸ್ಟಿಕ್ ಟಬ್ಬನ್ನೇ ಪುಟ್ಟಿಗೆ ಅಂತ ಬೇರೆ ಇಟ್ಟಿದ್ದೇವೆ. ಕಾರಂಜಿ ತೇಲಲು ಒಂದು ಗೇಣು ನೀರು ಕೂಡ ಬೇಡ, ಹತ್ತು ಸೆಂಟಿಮೀಟರ್ ಸಾಕು. ಜಾಲರಿ ತಳಕ್ಕೆ ತಾಗದಿದ್ದರೆ ಆಯಿತು. ಮಗು ಕೂತಾಗ ಹೊಕ್ಕುಳಿಗಿಂತ ಮೇಲೆ ನೀರು ಬರುವುದು ಬೇಡ.

ಮೊದಲು ತಣ್ಣೀರು ಹಾಕಿ, ಆಮೇಲೆ ಹಂಡೆಯ ಬಿಸಿನೀರು ಬೆರೆಸಿ. ಮೊಣಕೈ ಅದ್ದಿದರೆ ಬಿಸಿ ಅನ್ನಿಸಬಾರದು, ಬೆಚ್ಚಗೆ ಅನ್ನಿಸಬೇಕು. ಥರ್ಮಾಮೀಟರ್ ಇದ್ದರೆ 37ರಿಂದ 38 ಡಿಗ್ರಿ ಸೆಲ್ಸಿಯಸ್. ಹೀಟರ್ ಕಾಯಿಲ್ ಹಾಕಿ ನೀರು ಕಾಯಿಸುವ ಮನೆಯವರು ಕಾಯಿಲ್ಲನ್ನು ಪ್ಲಗ್ಗಿನಿಂದ ಕಿತ್ತು ಬಚ್ಚಲಿನಿಂದ ಹೊರಗೆ ಇಟ್ಟ ಮೇಲೆಯೇ ಮಗುವನ್ನು ಒಳಗೆ ತನ್ನಿ. ಆಟಿಕೆಯ ನಾಲ್ಕೂವರೆ ವೋಲ್ಟಿನಿಂದ ಶಾಕ್ ಹೊಡೆಯುವುದಿಲ್ಲ. ಆದರೆ ಕರೆಂಟಿನ ಅಡಾಪ್ಟರಿನಿಂದ ಇದನ್ನು ನಡೆಸುವ ಯೋಚನೆ ಯಾರೂ ಮಾಡಬಾರದು. ಹಾಗೆ ಕೇಳಿದವರು ನನಗೆ ಸಿಕ್ಕಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಮಾತು ಇದು. ಕಾರಂಜಿ ಇದೆ, ಮಗು ಆಡಿಕೊಳ್ಳುತ್ತಿದೆ ಅಂತ ಎದ್ದು ಹೋಗಬೇಡಿ. ಒಂದೆರಡು ಇಂಚು ನೀರಿನಲ್ಲೂ ಮಗು ಮುಳುಗಬಹುದು, ಸದ್ದೂ ಬರುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೆ ಉಕ್ಕಲಿ. ಫೋನು ಬಡಿದುಕೊಂಡರೆ ಬಡಿದುಕೊಳ್ಳಲಿ. ನಿಮ್ಮ ಕೈ ಮಗುವಿಗೆ ಎಟುಕುವಷ್ಟು ಹತ್ತಿರ ಇರಬೇಕು. ಏಳಲೇಬೇಕಾದರೆ ಮಗುವನ್ನೂ ಎತ್ತಿಕೊಂಡೇ ಏಳಿ. ಉದ್ದ ಕೂದಲಿನ ಮಕ್ಕಳಿಗೆ ಜುಟ್ಟು ಕಟ್ಟಿ ಕೂರಿಸಿ. ಕೂದಲು ಜಾಲರಿಯ ಹತ್ತಿರ ತೇಲಿದರೆ ಒಳಕ್ಕೆ ಎಳೆದುಕೊಳ್ಳುತ್ತದೆ.

ತಲೆಸ್ನಾನದ ಭಯ

ಪುಟ್ಟಿಗೆ ಎರಡು ವರ್ಷವಾದಾಗ ಒಮ್ಮೆ ಕಣ್ಣಿಗೆ ಸೋಪು ಹೋಯಿತು. ಅವತ್ತಿನಿಂದ ತಂಬಿಗೆ ಕಂಡರೆ ಸಾಕು, ಬೀದಿಗೆ ಕೇಳುವ ಹಾಗೆ ಕಿರುಚುತ್ತಿದ್ದಳು. ಇಬ್ಬರು ಹಿಡಿದು ತಲೆಗೆ ನೀರು ಹಾಕಬೇಕಿತ್ತು. ಮಗಳು ಸ್ನಾನ ಮುಗಿಸಿ ಅವಳನ್ನು ಎತ್ತಿಕೊಂಡು ಹೊರಗೆ ಬಂದಾಗ ಅಮ್ಮನೂ ಅಳುತ್ತಿದ್ದಳು, ಮಗುವೂ ಅಳುತ್ತಿತ್ತು. ‘ಅಪ್ಪಾ, ನಾನು ಇವಳಿಗೆ ಶತ್ರು ಆಗಿಬಿಟ್ಟೆ’ ಅಂದಳು. ನನಗೆ ಆ ಮಾತು ತುಂಬ ದಿನ ಮನಸ್ಸಿನಲ್ಲಿ ಕೂತಿತ್ತು.

ಎರಡನೇ ತಿಮಿಂಗಿಲ ಬಂದಾಗ ನಾವು ಅವಸರ ಮಾಡಲಿಲ್ಲ. ಮೊದಲ ದಿನ ಬಚ್ಚಲ ನೆಲದ ಮೇಲೆ ಬಕೆಟ್ಟಿನಲ್ಲಿ ಕಾರಂಜಿ ಬಿಟ್ಟೆವು. ಪುಟ್ಟಿ ಬಟ್ಟೆ ಹಾಕಿಕೊಂಡೇ ಹೊಸಿಲ ಮೇಲೆ ಕೂತು ನೋಡಿದಳು. ಎರಡನೇ ದಿನ ಹತ್ತಿರ ಬಂದು ಕೈ ಅದ್ದಿದಳು. ಮೂರನೇ ದಿನ ಬೆರಳನ್ನು ಕಾರಂಜಿಯ ತೂತಿನ ಮೇಲೆ ಇಟ್ಟಳು. ನೀರು ಅಡ್ಡಕ್ಕೆ ಚಿಮ್ಮಿ ಸೀದಾ ಅವಳ ಮೂಗಿಗೇ ಹೊಡೆಯಿತು. ನಾವೆಲ್ಲ ಉಸಿರು ಬಿಗಿಹಿಡಿದೆವು. ಅವಳು ಬೆರಳು ತೆಗೆದಳು. ನೀರು ಮತ್ತೆ ಮೇಲಕ್ಕೆ ಹೋಯಿತು. ಮತ್ತೆ ಇಟ್ಟಳು. ಮತ್ತೆ ಮೂಗಿಗೆ. ಆಮೇಲೆ ನಕ್ಕಳು ನೋಡಿ! ಅಲ್ಲಿವರೆಗೆ ಮುಖಕ್ಕೆ ನೀರು ಬೀಳುವುದು ಬೇರೆಯವರ ಕೈಯಲ್ಲಿತ್ತು. ಅವತ್ತು ಅದು ಅವಳ ಬೆರಳಿನಲ್ಲಿತ್ತು. ನಾಲ್ಕನೇ ದಿನ ತಾನಾಗಿ ಟಬ್ಬಿಗೆ ಇಳಿದಳು.

ಮುಂದಿನ ಉಪಾಯ ನಮ್ಮ ಮನೆಯವರದು. ತಲೆಗೆ ನೀರು ಹಾಕುವಾಗ ಮಗು ತಲೆ ತಗ್ಗಿಸುತ್ತದೆ, ಅದಕ್ಕೇ ಸೋಪು ಕಣ್ಣಿಗೆ ಇಳಿಯುವುದು. ಮೇಲೆ ನೋಡಿದರೆ ಹಿಂದಕ್ಕೆ ಹರಿದು ಹೋಗುತ್ತದೆ. ‘ಮೇಲೆ ನೋಡು’ ಅಂದರೆ ಯಾವ ಮಗು ನೋಡೀತು? ಅವರು ಬಚ್ಚಲಿನ ಬಲ್ಬು ಆರಿಸಿದರು. ಬಾಗಿಲನ್ನು ಒಂದು ಮೊಳ ತೆರೆದೇ ಇಟ್ಟರು, ಮಗುವಿನ ಮುಖ ನಮಗೆ ಚೆನ್ನಾಗಿ ಕಾಣುವಷ್ಟು ಬೆಳಕು ಬೇಕಲ್ಲ. ಸುಣ್ಣ ಬಳಿದ ತಾರಸಿಯ ಮೇಲೆ ಕಾರಂಜಿಯ ಬಣ್ಣ ಬಿತ್ತು. ಬೀಳುವ ಹನಿಗಳ ನೆರಳು ಅದರ ಮೇಲೆ ಆಡತೊಡಗಿತು. ಕೆಂಪು ಹೋಗಿ ನೀಲಿ ಬಂತು. ‘ತಾತ, ಮೇಲೆ ಮೀನು!’ ಅಂತ ಪುಟ್ಟಿ ಕತ್ತು ಪೂರ್ತಿ ಹಿಂದಕ್ಕೆ ಎತ್ತಿದಳು. ಅದೇ ಹೊತ್ತಿಗೆ ಅಜ್ಜಿ ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು, ಹಿಂದಿನಿಂದ ನಿಧಾನಕ್ಕೆ ಒಂದು ತಂಬಿಗೆ ನೀರು ಬಿಟ್ಟರು. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ.

ನೀವೂ ಹೀಗೆ ಮಾಡಿ ನೋಡಿ. ಕಾರಂಜಿ ಮಗುವಿನ ಎದುರಿಗಿರಲಿ, ನೀವು ಪಕ್ಕದಲ್ಲಿ ಸ್ವಲ್ಪ ಹಿಂದೆ ಕೂರಿ. ಮೊದಲ ವಾರ ಬರೀ ನೀರು, ಸೋಪು ಬೇಡ. ಒಂದು ತಂಬಿಗೆ ಹಾಕಿ ನಿಲ್ಲಿಸಿ, ಮೀನು ಎಲ್ಲಿ ಹೋಯ್ತು ಅಂತ ಮಾತಾಡಿ, ಆಮೇಲೆ ಇನ್ನೊಂದು. ಬೆನ್ನಿಗೆ ಒಂದು ಕೈ ಆಸರೆ ಇರಲೇಬೇಕು. ಕತ್ತು ಎತ್ತಿದಾಗ ಚಿಕ್ಕ ಮಕ್ಕಳು ಹಿಂದಕ್ಕೆ ವಾಲುತ್ತವೆ.

ಇನ್ನೊಂದು ಚೆಂದ ತೋರಿಸುತ್ತೇನೆ. ಒಂದೇ ತೂತಿನ ಟೋಪಿ ಹಾಕಿ ಕತ್ತಲಲ್ಲಿ ಧಾರೆಯನ್ನು ಹತ್ತಿರದಿಂದ ನೋಡಿ. ಕೆಳಗೆ ನಯವಾಗಿ ಗಾಜಿನ ಕಡ್ಡಿಯ ಹಾಗೆ ಇರುವ ಕಡೆ ಬೆಳಕು ಅಷ್ಟಾಗಿ ಕಾಣುವುದಿಲ್ಲ. ಧಾರೆ ಒಡೆದು ಹನಿಯಾಗುವ ತುದಿಯಲ್ಲಿ ಫಳ್ ಅಂತ ಹೊಳೆಯುತ್ತದೆ. ಬೆಳಕು ನೀರಿನೊಳಗೇ ಗೋಡೆಯಿಂದ ಗೋಡೆಗೆ ತಾಗಿ ತಾಗಿ ಮೇಲೇರಿ, ಒಡೆದ ಕಡೆ ಹೊರಗೆ ಚೆಲ್ಲುತ್ತದೆ. 1840ರ ದಶಕದಲ್ಲಿ ಜಿನೀವಾದ ವಿಜ್ಞಾನಿ ಡೇನಿಯಲ್ ಕೊಲಡಾನ್ ನೀರಿನ ಧಾರೆಯಲ್ಲಿ ಬೆಳಕು ಬಾಗಿ ಹೋಗುವುದನ್ನು ಜನರ ಮುಂದೆ ತೋರಿಸಿದ್ದರು. ಈಗ ಇಂಟರ್‌ನೆಟ್ಟಿನ ಗಾಜಿನ ಎಳೆಯ ಕೇಬಲ್ಲಿನಲ್ಲಿ ಬೆಳಕು ಓಡುವುದೂ ಇದೇ ರೀತಿ. ಕೆಆರ್‌ಎಸ್‌ನ ಬೃಂದಾವನದಲ್ಲಿ ಬಣ್ಣದ ಕಾರಂಜಿ ನೋಡಿದಾಗ ಪುಟ್ಟಿ ‘ನಮ್ಮ ಮನೆದು!’ ಅಂತ ಕೂಗಿದಳು.

ಕಾರಂಜಿ ನಿಂತರೆ

ಎಣ್ಣೆಸ್ನಾನದ ದಿನ ಕಾರಂಜಿ ಸುಸ್ತಾಗುತ್ತದೆ. ನಮ್ಮದು ತೆಂಗಿನ ಸೀಮೆ, ಭಾನುವಾರ ಮಗುವಿನ ನೆತ್ತಿಗೆ ಕೊಬ್ಬರಿ ಎಣ್ಣೆ ಬೀಳಲೇಬೇಕು. ಆಮೇಲೆ ಸೀಗೆಪುಡಿ, ಕಡಲೆಹಿಟ್ಟು. ಈ ಪುಡಿ ನೀರಲ್ಲಿ ನೆನೆದು ಜಾಲರಿಯ ಸಣ್ಣ ಕಣ್ಣುಗಳಿಗೆ ಮೆತ್ತಿಕೊಳ್ಳುತ್ತದೆ. ಮೋಟಾರಿನ ಸದ್ದು ಬರುತ್ತದೆ, ನೀರು ಬರುವುದಿಲ್ಲ. ಅವತ್ತು ತಲೆ ತೊಳೆದು, ಆ ನೀರು ಚೆಲ್ಲಿ, ಹೊಸ ನೀರು ತುಂಬಿದ ಮೇಲೆ ಕಾರಂಜಿ ಬಿಡಿ.

ಮಕ್ಕಳ ಶಾಂಪೂ ನೊರೆ ಜಾಸ್ತಿಯಾದಾಗಲೂ ಹೀಗೇ. ಪಂಪು ನೀರಿನ ಬದಲು ನೊರೆ ಎಳೆದು ಏರ್ ಹಿಡಿದುಕೊಳ್ಳುತ್ತದೆ. ತೋಟದಲ್ಲಿ ಮೋಟಾರು ಏರ್ ಹಿಡಿದರೆ ರೈತರು ಏನು ಮಾಡುತ್ತಾರೆ? ಗಾಳಿ ಬಿಟ್ಟು ನೀರು ತುಂಬಿಸುತ್ತಾರೆ. ನೀವು ಆಟಿಕೆಯನ್ನು ನೀರಿನೊಳಗೆ ಮುಳುಗಿಸಿ, ಒಂದು ಪಕ್ಕಕ್ಕೆ ವಾಲಿಸಿ ಅಲ್ಲಾಡಿಸಿ. ಗುಳುಗುಳು ಅಂತ ಗುಳ್ಳೆ ಹೊರಗೆ ಬರುತ್ತದೆ. ಮೇಲೆ ಬಿಟ್ಟರೆ ಕಾರಂಜಿ ಮತ್ತೆ ಏಳುತ್ತದೆ.

ನೀರು ಗಿಡ್ಡಗಾಗಿದೆಯೇ? ದೀಪದ ಬಣ್ಣ ನೋಡಿ. ಕೆಂಪು ದೀಪಕ್ಕೆ ಎರಡು ವೋಲ್ಟಿನ ಸುಮಾರು ಸಾಕು, ನೀಲಿಗೆ ಮೂರರ ಹತ್ತಿರ ಬೇಕು. ಸೆಲ್ ಇಳಿದಾಗ ಮೊದಲು ನೀಲಿ ಮಂಕಾಗುತ್ತದೆ, ಕೆಂಪು ಕೊನೆಯವರೆಗೆ ಉರಿಯುತ್ತದೆ. ನೀರು ಗಿಡ್ಡ, ನೀಲಿಯೂ ಮಂಕು ಅಂದರೆ ಸೆಲ್ ಬದಲಿಸಿ. ನೀರು ಗಿಡ್ಡ, ಆದರೆ ನೀಲಿ ಚೆನ್ನಾಗಿದೆ ಅಂದರೆ ಸೆಲ್ಲಿನ ತಪ್ಪಲ್ಲ. ಜಾಲರಿಯಲ್ಲೋ ತಲೆಯ ತೂತಿನಲ್ಲೋ ಕಸ ಕೂತಿದೆ. ಮೋಟಾರಿನ ಸದ್ದೂ ಇಲ್ಲ, ದೀಪ ಮಾತ್ರ ಇದೆ ಅಂದರೆ ಇಂಪೆಲ್ಲರಿಗೆ ಕೂದಲು ಸುತ್ತಿದೆ. ಸೆಲ್ ತೆಗೆದು, ಜಾಲರಿ ಬಿಚ್ಚಿ, ಹಲ್ಲುಕಡ್ಡಿಯಿಂದ ಇಂಪೆಲ್ಲರನ್ನು ಮೆಲ್ಲಗೆ ಎರಡು ಸುತ್ತು ತಿರುಗಿಸಿ. ಕೂದಲಿನ ತುದಿ ಸಿಕ್ಕರೆ ಚಿಮಟದಲ್ಲಿ ಹಿಡಿದು, ಸುತ್ತಿದ ದಿಕ್ಕಿಗೆ ಎದುರಾಗಿ ಬಿಚ್ಚಿ. ಜಗ್ಗಬೇಡಿ, ಶಾಫ್ಟ್ ಡೊಂಕಾಗುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಆಟಿಕೆ ನಡೆಯದಿದ್ದರೂ ಇದೇ ಮದ್ದು. ಒಳಗೆ ಉಪ್ಪು ಒಣಗಿ ಹಿಡಿದುಕೊಂಡಿರುತ್ತದೆ, ಒಮ್ಮೆ ತಿರುಗಿಸಿದರೆ ಬಿಡುತ್ತದೆ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುವ ನೀರು ಕಾರಂಜಿಯ ತೂತಿಗೂ ಬಿಳಿ ಕಟ್ಟುತ್ತದೆ. ಹತ್ತು ತೂತಿನಲ್ಲಿ ಮೂರು ಮುಚ್ಚಿಹೋದರೆ ಧಾರೆ ವಕ್ರವಾಗಿ ಹೋಗುತ್ತದೆ. ಸೂಜಿ ಹಾಕಿ ಚುಚ್ಚಿದರೆ ತೂತು ದೊಡ್ಡದಾಗಿ ಧಾರೆ ಕೆಡುತ್ತದೆ. ಟೋಪಿಯನ್ನು ತೆಗೆದು, ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಅರ್ಧ ಗಂಟೆ ಅದರಲ್ಲಿ ನೆನೆಯಲು ಬಿಡಿ. ಎರಡು ನಿಂಬೆಹಣ್ಣಿನ ರಸವಾದರೂ ಸರಿ. ಸಣ್ಣ ಗುಳ್ಳೆ ಎದ್ದು ಬಿಳಿ ಕರಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ತಿಂಗಳಿಗೊಮ್ಮೆ ಆಟಿಕೆಯನ್ನೇ ಆ ನೀರಿನಲ್ಲಿ ಐದು ನಿಮಿಷ ಓಡಿಸಿ, ಆಮೇಲೆ ಒಳ್ಳೆ ನೀರಿನಲ್ಲಿ ಐದು ನಿಮಿಷ ಓಡಿಸಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹಾಕಬೇಡಿ. ಬ್ಲೀಚಿಂಗ್ ಪೌಡರನ್ನು ವಿನೆಗರಿನ ಜೊತೆ ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ಸೆಲ್ಲಿನ ಡಬ್ಬಿಯಲ್ಲಿ ಬಿಳಿ ಪುಡಿ ಕಂಡರೆ ಆಲ್ಕಲೈನ್ ಸೆಲ್ ಸೋರಿದೆ ಅಂತ ಅರ್ಥ. ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಸ್ಪ್ರಿಂಗನ್ನು ಒರೆಸಿ, ಒದ್ದೆ ಕಡ್ಡಿಯಿಂದ ಇನ್ನೊಮ್ಮೆ, ಒಣ ಕಡ್ಡಿಯಿಂದ ಮತ್ತೊಮ್ಮೆ. ಒಂದು ದಿನ ಮುಚ್ಚಳ ತೆರೆದೇ ಇಟ್ಟು ಹೊಸ ಸೆಲ್ ಹಾಕಿ. ಸ್ಪ್ರಿಂಗ್ ಹಸಿರುಗಟ್ಟಿದ್ದರೆ ನುಣುಪು ಉಪ್ಪುಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ.

ಸ್ನಾನ ಮುಗಿದ ಮೇಲೆ

ಎರಡು ನಿಮಿಷದ ಕೆಲಸ ಇದು. ಆಟಿಕೆಯ ಆಯಸ್ಸು ಇದರಲ್ಲೇ ಇದೆ. ಒಳ್ಳೆ ನೀರಿನ ಬಕೆಟ್ಟಿನಲ್ಲಿ ಅರ್ಧ ನಿಮಿಷ ಓಡಿಸಿ, ಸೋಪು ತೊಳೆದುಹೋಗಲಿ. ಎತ್ತಿ ತಲೆಕೆಳಗೆ ಮಾಡಿ ಜೋರಾಗಿ ನಾಲ್ಕು ಸಲ ಕೊಡವಿ. ಒಳಗೆ ಉಳಿದ ನೀರು ತೊಟ್ಟಿಕ್ಕುತ್ತದೆ. ಆಮೇಲೆ ಹೊಟ್ಟೆ ಒರೆಸಿ. ಆ ಎರಡು ಚುಕ್ಕೆ ನೆನಪಿದೆಯಲ್ವಾ? ಅವುಗಳ ನಡುವೆ ಒಂದು ತೆಳು ಪದರ ನೀರು ಉಳಿದರೂ ಆಟಿಕೆಗೆ ತಾನಿನ್ನೂ ನೀರಿನಲ್ಲಿದ್ದೇನೆ ಅನ್ನಿಸುತ್ತದೆ. ಸ್ಟ್ಯಾಂಡಿನ ಮೇಲೆ ಕೂತು ಒಣ ಮೋಟಾರ್ ಓಡಿಸುತ್ತಲೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಸೆಲ್ ಖಾಲಿ.

ಬಚ್ಚಲಿನ ತೇವದಲ್ಲಿ ಇಡಬೇಡಿ. ಕಿಟಕಿಯ ಹತ್ತಿರ, ಗಾಳಿಯಾಡುವ ಕಡೆ, ಹೊಟ್ಟೆ ಮೇಲೆ ಮಾಡಿ ಇಡಿ. ಸುಡುಬಿಸಿಲು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ವಾರಕ್ಕೊಮ್ಮೆ ಜಾಲರಿ ಬಿಚ್ಚಿ ಬ್ರಷ್ ಹಾಕಿ. ಬೂಷ್ಟಿನ ಕಪ್ಪು ಚುಕ್ಕೆ ನಳಿಗೆಯೊಳಗೆ ಕಂಡು, ತೊಳೆದರೂ ಹೋಗದಿದ್ದರೆ ಎಸೆದುಬಿಡಿ. ಊರಿಗೆ ಹೋಗುವುದಿದ್ದರೆ, ಹದಿನೈದು ದಿನ ಮುಟ್ಟುವುದಿಲ್ಲ ಅಂತಿದ್ದರೆ, ಸೆಲ್ ತೆಗೆದು ಬೇರೆ ಇಡಿ. ಮತ್ತೆ ಹಾಕುವಾಗ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ರಿಂಗಿನ ಮೇಲೆ ಕೂದಲು ಇದೆಯಾ ಅಂತ ಒಂದು ಸುತ್ತು ನೋಡಿ.

ಒರೆಸುವ ಕೆಲಸ ಈಗ ನಮ್ಮ ಮನೆಯಲ್ಲಿ ನನ್ನದಲ್ಲ. ಟವೆಲ್ಲು ಸುತ್ತಿಕೊಂಡು, ತಲೆಯಿಂದ ನೀರು ಸೋರುತ್ತಿದ್ದರೂ ಪುಟ್ಟಿ ಮೊದಲು ತಿಮಿಂಗಿಲವನ್ನು ಮಡಿಲಿಗೆ ಹಾಕಿಕೊಳ್ಳುತ್ತಾಳೆ. ಟವೆಲ್ಲಿನ ತುದಿಯಿಂದ ಒಂದು ಚುಕ್ಕೆ ಒರೆಸುತ್ತಾಳೆ, ಇನ್ನೊಂದು ಚುಕ್ಕೆ ಒರೆಸುತ್ತಾಳೆ, ದೀಪ ಆರುವವರೆಗೂ ಕಾಯುತ್ತಾಳೆ. ಆಮೇಲೆ ಕಿಟಕಿಯ ಹತ್ತಿರ ನನ್ನ ಕೈಗೆ ಕೊಟ್ಟು, ‘ತಾತ, ಮಲಗಿತು. ಹೊಟ್ಟೆ ಮೇಲೆ ಮಾಡಿ ಇಡಿ’ ಅನ್ನುತ್ತಾಳೆ.